ದುಬಾರಿ ಸಿಗಾರ್: ಕೊಟ್ಟ ದುಡ್ಡು ಯಾವುದಕ್ಕೆ ಹೋಗುತ್ತದೆ?

ಹೊಗೆಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾನು ದಿನವೂ ಸೇದುವವನಲ್ಲ, ಬಿಡುವಿದ್ದ ಸಂಜೆ ಒಂದು ಅಷ್ಟೇ. ಅಪರೂಪಕ್ಕೆ ಹಚ್ಚುವುದು ಚೆನ್ನಾಗಿರಲಿ ಅನ್ನುವ ಆಸೆ. ಅದಕ್ಕೇ ಈ ಸಲ ಮಾಮೂಲಿಯಾಗಿ ತರುವ ಸಿಗಾರ್‌ಗಿಂತ ನಾಲ್ಕು ಪಟ್ಟು ಬೆಲೆಯದ್ದು ಒಂದು ಪೆಟ್ಟಿಗೆ ತಂದೆ. ಕಂಪನಿಯ ಹೆಸರು ಬೇಡ, ನನ್ನ ಪ್ರಶ್ನೆ ಅದರ ಬಗ್ಗೆ ಅಲ್ಲ. ಅಳತೆ ರೊಬಸ್ಟೊ: 5 ಇಂಚು ಉದ್ದ, 50 ರಿಂಗ್ ದಪ್ಪ. ಒಳಗೆ ಪೂರ್ತಿ ನಿಕರಾಗುವಾ ಎಲೆ, ಹೊರಸುತ್ತಿಗೆ ಮೆಕ್ಸಿಕೋದ ಸ್ಯಾನ್ ಆಂದ್ರೆಸ್ ಕಣಿವೆಯ ಮಡುರೊ, ಅಂದರೆ ಹೆಚ್ಚು ಹುದುಗಿಸಿ ಗಾಢವಾದ, ರ‍್ಯಾಪರ್.

ನೋಡೋಕೆ ತುಂಬಾ ಚೆನ್ನಾಗಿದೆ. ಗಾಢ ಕಂದು ಬಣ್ಣ, ತೆಳುವಾದ ಎಣ್ಣೆಯ ಹೊಳಪು, ನರಗಳು ಸಣ್ಣವು. ಬುಡದಿಂದ ತಲೆಯವರೆಗೆ ಮೆಲ್ಲಗೆ ಒತ್ತಿಕೊಂಡು ಹೋದೆ. ಎಲ್ಲೂ ಮೆತ್ತಗಿಲ್ಲ, ಎಲ್ಲೂ ಗಂಟಿಲ್ಲ. ತಲೆ ಕತ್ತರಿಸಿ ಬೆಂಕಿ ಹಚ್ಚುವ ಮೊದಲೇ ಎಳೆದಾಗ ಒಣದ್ರಾಕ್ಷಿಯ ಸಿಹಿ, ಹಿಂದೆ ಹಳೇ ಮರದ ವಾಸನೆ. ಗಾಳಿ ಸಲೀಸಾಗಿ ಬಂತು.

ಮೊದಲ ಮೂರನೇ ಭಾಗ ಕರಿಮೆಣಸಿನ ಖಾರದಲ್ಲಿ ಶುರುವಾಯಿತು. ನಾಲ್ಕೈದು ಎಳೆತದ ನಂತರ ಖಾರ ಹಿಂದೆ ಸರಿದು ಕೋಕೋ ಪುಡಿಯ ಒಣ ಕಹಿ ಬಂತು. ನಡುವಿನ ಭಾಗವನ್ನು ಹೇಗೆ ಹೇಳಲಿ! ಚೆನ್ನಾಗಿ ಹುರಿದ ಕಾಫಿ, ಚರ್ಮದ ವಾಸನೆ, ಮಳೆ ಬಿದ್ದ ಮಣ್ಣು, ಜೊತೆಗೆ ನಾಲಿಗೆಯ ಅಂಚಿನಲ್ಲಿ ಸಣ್ಣ ಸಿಹಿ. ಒಂದರ ಮೇಲೆ ಇನ್ನೊಂದು ಏರದೆ ಎಲ್ಲ ಒಟ್ಟಿಗೆ ಇದ್ದವು. ಅಷ್ಟು ಹದವಾದ ಹೊಗೆ ನನಗೆ ಸಿಕ್ಕಿದ್ದು ಕಡಿಮೆ.

ಆದರೆ ಕೊನೆಯ ಭಾಗಕ್ಕೆ ಬಂದಾಗ ಹೊಗೆ ಬಿಸಿಯಾಯಿತು, ಕಹಿ ಏರಿತು, ಗಂಟಲಲ್ಲಿ ಘಾಟು. ಎರಡು ಇಂಚು ಉಳಿದಿರುವಾಗಲೇ ಕೆಳಗಿಟ್ಟೆ. ನಾಲ್ಕು ಪಟ್ಟು ದುಡ್ಡು ಕೊಟ್ಟು ಮೂರರಲ್ಲಿ ಎರಡು ಭಾಗ ಮಾತ್ರ ಸೇದಿದರೆ ಅದು ಬೆಲೆಗೆ ತಕ್ಕದ್ದಾ? ನೀವೆಲ್ಲ ಬೆಲೆಯನ್ನು ಹೇಗೆ ಅಳೀತೀರಿ?

ನಿಧಾನಿ:

ಬರೆದಿದ್ದು ಓದಿ ಖುಷಿಯಾಯಿತು ಸರ್. ತೀರ್ಪು ಕೊಡುವ ಮುಂಚೆ ಮೂರು ವಿಷಯ ಹೇಳಿ. ಪೆಟ್ಟಿಗೆ ಮನೆಗೆ ಬಂದ ಮೇಲೆ ಎಷ್ಟು ದಿನ ಬಿಟ್ಟು ಹಚ್ಚಿದಿರಿ? ಸಿಗಾರ್ ಹದವಾಗಿ ಇಡುವ ಹ್ಯೂಮಿಡಾರ್‌ನಲ್ಲಿ ತೇವಾಂಶ ಎಷ್ಟಿತ್ತು? ಎಳೆತದ ನಡುವೆ ಎಷ್ಟು ಹೊತ್ತು ಬಿಡ್ತಿದ್ದಿರಿ?

ಯಾಕೆ ಕೇಳಿದೆ ಅಂದರೆ, ಕೊನೆಯ ಭಾಗದ ಕಹಿಗೆ ಕಾರಣ ಬೇರೆ ಬೇರೆ ಇರುತ್ತೆ. ಹೊಗೆ ಸಿಗಾರ್‌ನ ಉದ್ದಕ್ಕೂ ಹಾದು ಬರುವಾಗ ಅದರ ಟಾರ್, ನೀರಿನ ಪಸೆ, ನಿಕೋಟಿನ್ ಎಲ್ಲ ಮುಂದಿನ ಎಲೆಯಲ್ಲಿ ಕೂತುಕೊಳ್ಳುತ್ತೆ. ಆ ಎಲೆ ಉರಿಯುವ ಸರದಿ ಬಂದಾಗ ಅಷ್ಟೂ ಒಟ್ಟಿಗೆ ಬರುತ್ತೆ. ಹಾಗಾಗಿ ಕೊನೆ ಗಟ್ಟಿಯಾಗುವುದು ಸಹಜ, ಎಷ್ಟು ಬೆಲೆಯದ್ದಾದರೂ ಅಷ್ಟೇ. ಆದರೆ ಗಟ್ಟಿಯಾಗುವುದು ಬೇರೆ, ಕೆಡುವುದು ಬೇರೆ. ನಿಮಿಷಕ್ಕೆ ಒಂದು ಎಳೆತಕ್ಕಿಂತ ಬೇಗ ಸೇದಿದರೆ ಕೆಂಡ ಕಾದು ಒಳ್ಳೆಯ ಎಲೆಯೂ ಸುಟ್ಟ ರುಚಿ ಕೊಡುತ್ತೆ. ತೇವ ಜಾಸ್ತಿ ಇದ್ದರೂ ಹಾಗೇ. ಒದ್ದೆ ಎಲೆ ಸರಿಯಾಗಿ ಉರಿಯಲ್ಲ, ನಾವು ಜೋರಾಗಿ ಎಳೀತೀವಿ, ಎಳೆದಷ್ಟೂ ಬಿಸಿಯಾಗುತ್ತೆ. ಮೂಗಿಗೆ ಅಮೋನಿಯದ ಚುರುಕು ಬಡೀತಾ? ಬಡಿದಿದ್ದರೆ ಮಾತ್ರ ಎಲೆ ಇನ್ನೂ ಎಳೆಯದು, ಹುದುಗು ಮುಗಿದಿಲ್ಲ ಅಂತ ಅನುಮಾನಿಸಬೇಕು.

ಹೊಗೆಬಳ್ಳಿ:

ಅಮೋನಿಯ ಇರಲಿಲ್ಲ, ಅದು ಖಂಡಿತ. ಪೆಟ್ಟಿಗೆ ಬಂದ ವಾರದೊಳಗೇ ಹಚ್ಚಿದ್ದೆ. ಮೀಟರ್ ಶೇ. 69 ತೋರಿಸುತ್ತಿತ್ತು. ಅವಸರ ಮಾಡಿಲ್ಲ, ಅಷ್ಟಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಉರಿ ಒಂದು ಕಡೆ ಸ್ವಲ್ಪ ಹಿಂದೆ ಬಿದ್ದಿತ್ತು, ಲೈಟರ್‌ನಿಂದ ಒಮ್ಮೆ ಸರಿಮಾಡಬೇಕಾಯಿತು.

ನಿಧಾನಿ:

ಹಾಗಾದರೆ ಮೀಟರ್ ಮೇಲೆ ನನಗೆ ಅನುಮಾನ. ಉಪ್ಪಿನ ಪರೀಕ್ಷೆ ಮಾಡಿ ನೋಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಕರಗದೆ ಬರೀ ಒದ್ದೆಯಾಗುವಷ್ಟು ನೀರು ಬಿಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಚೀಲದಲ್ಲಿ ಒಟ್ಟಿಗೆ ಮುಚ್ಚಿ ಒಂದು ದಿನ ಬಿಡಿ. ಒಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತೆ. ನಿಮ್ಮ ಮೀಟರ್ 70 ತೋರಿಸಿದರೆ ಅದು ಐದು ಕಡಿಮೆ ಹೇಳುತ್ತಿದೆ ಅಂತ ಅರ್ಥ. ಅಂದರೆ ನಿಮ್ಮ 69 ನಿಜದಲ್ಲಿ 74. ಅಷ್ಟು ತೇವದಲ್ಲಿ ಉರಿ ಓರೆಯಾಗುವುದು, ಕೊನೆ ಕಹಿಯಾಗುವುದು ಎರಡೂ ಆಗುತ್ತೆ. ನಾನು ಮಡುರೊಗಳನ್ನು 65ರ ಆಸುಪಾಸಿನಲ್ಲೇ ಇಡುವುದು. ಅವುಗಳ ದಪ್ಪ ರ‍್ಯಾಪರ್ ಒಣಗಿದಷ್ಟೂ ಚೆನ್ನಾಗಿ ಉರಿಯುತ್ತೆ.

ಎಲೆಮನೆ:

ಬೆಲೆ ಯಾವುದಕ್ಕೆ ಅನ್ನುವ ಪ್ರಶ್ನೆಗೆ ನಾನು ಬರೀತೀನಿ. ಹೊಗೆಸೊಪ್ಪು ವಿಂಗಡಿಸುವ ಕೆಲಸವನ್ನು ಹತ್ತಿರದಿಂದ ನೋಡಿದವನು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮೊದಲನೆಯದು ರ‍್ಯಾಪರ್. ಇಡೀ ಸಿಗಾರ್‌ನಲ್ಲಿ ತೂಕಕ್ಕೆ ಅತಿ ಕಡಿಮೆ ಅದೇ, ಬೆಲೆಗೆ ಅತಿ ಜಾಸ್ತಿಯೂ ಅದೇ. ಒಳಗಿನ ಎಲೆಯಲ್ಲಿ ಹುಳು ಕೊರೆದ ತೂತಿದ್ದರೆ ಯಾರಿಗೂ ಗೊತ್ತಾಗಲ್ಲ. ರ‍್ಯಾಪರ್‌ನಲ್ಲಿ ಒಂದು ತೂತಿದ್ದರೂ ಎಲೆ ಆ ದರ್ಜೆಗೆ ಸಲ್ಲದು. ಕನೆಕ್ಟಿಕಟ್ ಶೇಡ್ ಎಲೆಯನ್ನು ಬಟ್ಟೆಯ ಚಪ್ಪರ ಹಾಕಿ ಬೆಳೀತಾರೆ. ಈಕ್ವೆಡಾರ್‌ನಲ್ಲಿ ಮೋಡವೇ ಆ ಚಪ್ಪರದ ಕೆಲಸ ಮಾಡುತ್ತೆ. ಹೀಗೆ ಬೆಳೆದ ಎಲೆಗಳನ್ನು ಬಣ್ಣ, ಅಳತೆ, ನರದ ದಪ್ಪ ನೋಡಿ ಬೇರೆ ಬೇರೆ ಮಾಡುತ್ತಾ ಹೋದರೆ ಕೊನೆಗೆ ಮೊದಲ ದರ್ಜೆಗೆ ಉಳಿಯುವುದು ಚಿಕ್ಕ ಕಟ್ಟು. ನಡುನರ ತೆಗೆದು ಎಲೆಯನ್ನು ಎರಡು ಹೋಳು ಮಾಡ್ತಾರೆ. ಬಲಗಡೆಯ ಹೋಳು ಒಂದು ದಿಕ್ಕಿಗೆ, ಎಡಗಡೆಯದ್ದು ಇನ್ನೊಂದು ದಿಕ್ಕಿಗೆ ಸುತ್ತಬೇಕು. ಆಗಲೇ ನರಗಳು ಸಿಗಾರ್‌ನ ಉದ್ದಕ್ಕೆ ಸರಿಯಾಗಿ ಮಲಗುವುದು.

ಎರಡನೆಯದು ಕಾಲ. ನನ್ನ ಲೆಕ್ಕದಲ್ಲಿ ದೊಡ್ಡ ಖರ್ಚು ಇದೇ. ಗದ್ದೆಯಿಂದ ಬಂದ ಎಲೆ ಒಣಗುವ ಮನೆಯಲ್ಲಿ ಒಂದೂವರೆ ಎರಡು ತಿಂಗಳು ನೇತಾಡುತ್ತೆ. ಆಮೇಲೆ ದೊಡ್ಡ ರಾಶಿ ಹಾಕ್ತಾರೆ, ಅದಕ್ಕೆ ಪಿಲೋನ್ ಅಂತಾರೆ. ರಾಶಿ ತನ್ನ ಭಾರಕ್ಕೆ, ತನ್ನ ತೇವಕ್ಕೆ ತಾನೇ ಬಿಸಿಯಾಗುತ್ತೆ. ಬಿಸಿ ಮಿತಿ ಮೀರುವ ಮುನ್ನ ರಾಶಿ ಬಿಚ್ಚಿ, ಒಳಗಿದ್ದ ಎಲೆ ಹೊರಗೆ, ಹೊರಗಿದ್ದದ್ದು ಒಳಗೆ ಬರುವಂತೆ ಮತ್ತೆ ಕಟ್ಟಬೇಕು. ಹೀಗೆ ಎಷ್ಟೋ ಸಲ. ರಾಶಿ ಬಿಚ್ಚುವ ದಿನ ಪಕ್ಕದಲ್ಲಿ ನಿಂತರೆ ಅಮೋನಿಯದ ಘಾಟಿಗೆ ಕಣ್ಣಲ್ಲಿ ನೀರು ಬರುತ್ತೆ. ಆ ಘಾಟು ರಾಶಿಯಲ್ಲೇ ಹೋಗಬೇಕು, ಇಲ್ಲದಿದ್ದರೆ ಸೇದುವವರ ಗಂಟಲಿಗೆ ಬರುತ್ತೆ. ಮಡುರೊ ಆಗಬೇಕಾದ ಎಲೆಗೆ ಇನ್ನೂ ಹೆಚ್ಚು ಬಿಸಿ, ಇನ್ನೂ ಹೆಚ್ಚು ಕಾಲ. ಅದಾದ ಮೇಲೆ ಮೂಟೆ ಕಟ್ಟಿ ವರ್ಷಗಟ್ಟಲೆ ಇಡಬೇಕು. ಪದ್ರೋನ್ ಕಂಪನಿ ತನ್ನ 1964 ಆನಿವರ್ಸರಿ ಸಾಲಿನ ಎಲೆಯನ್ನು ಕನಿಷ್ಠ ನಾಲ್ಕು ವರ್ಷ ಇಡುತ್ತೆ, 1926 ಸಾಲಿನದ್ದನ್ನು ಐದು. ಅಷ್ಟೂ ವರ್ಷ ಅವರ ದುಡ್ಡು ಮೂಟೆಯಲ್ಲಿ ಸುಮ್ನೆ ಕೂತಿರುತ್ತೆ. ಅದರ ಬಡ್ಡಿಯನ್ನು ಕೊಡುವವರು ನಾವು. ನನ್ನ ಮಟ್ಟಿಗೆ ಅದು ನ್ಯಾಯವಾದ ಖರ್ಚು.

ಮೂರನೆಯದು ಕೈಕೆಲಸ. ಒಳಗಿನ ಎಲೆಗಳನ್ನು ಪುಸ್ತಕದ ಹಾಳೆಯ ಹಾಗೆ ಒಂದರ ಮೇಲೊಂದು ಇಟ್ಟು ಮಡಚಿದರೆ ಕೆಲಸ ಬೇಗ ಆಗುತ್ತೆ. ಒಂದೊಂದು ಎಲೆಯನ್ನೂ ಕೊಳವೆಯ ಹಾಗೆ ಸುರುಳಿ ಮಾಡಿ ಜೋಡಿಸುವ ಕ್ರಮಕ್ಕೆ ಎಂತುಬಾದೊ ಅಂತಾರೆ. ಅದು ನಿಧಾನ, ಆದರೆ ಗಾಳಿಗೆ ದಾರಿ ಸರಿಯಾಗಿ ಸಿಗುತ್ತೆ. ಗಿಡದ ಮೇಲ್ತುದಿಯ ಲಿಗೆರೊ ಎಲೆ ದಪ್ಪ, ಖಾರ, ನಿಧಾನಕ್ಕೆ ಉರಿಯುವಂಥದ್ದು. ಅದನ್ನು ನಟ್ಟನಡುವೆ ಇಡಬೇಕು. ಅಂಚಿಗೆ ಸರಿದರೆ ಆ ಕಡೆ ಉರಿ ಹಿಂದೆ ಬೀಳುತ್ತೆ. ಸುತ್ತಲೂ ಸೆಕೊ, ಅದು ಪರಿಮಳಕ್ಕೆ. ಗಿಡದ ಕೆಳಗಿನ ವೊಲಾದೊ ಬೆಂಕಿ ಹಿಡಿದಿಡುವುದಕ್ಕೆ. ಹೊಗೆಬಳ್ಳಿಯವರ ಸಿಗಾರ್ ಓರೆಯಾಗಿ ಉರಿದಿದ್ದಕ್ಕೆ ತೇವವೇ ಕಾರಣ ಇರಬಹುದು, ಲಿಗೆರೊ ಸರಿದಿದ್ದೂ ಇರಬಹುದು. ಒಂದೇ ಸಿಗಾರ್ ಸೇದಿ ಹೇಳೋಕೆ ಆಗಲ್ಲ. ಪೆಟ್ಟಿಗೆಯ ಎಲ್ಲದರಲ್ಲೂ ಹಾಗಾದರೆ ತೇವ, ಒಂದರಲ್ಲಿ ಮಾತ್ರ ಆದರೆ ಕೈತಪ್ಪು.

ಇಲ್ಲಿಗೇ ನನ್ನ ಉತ್ತರವೂ ಬಂತು. ಅಗ್ಗದ ಸಿಗಾರ್‌ನಲ್ಲೂ ಒಂದೊಂದು ಅದ್ಭುತವಾಗಿ ಬರುತ್ತೆ. ದುಬಾರಿಯದ್ದರಲ್ಲಿ ಪ್ರತಿಯೊಂದೂ ಹಾಗೆ ಬರಬೇಕು, ಹೆಚ್ಚಿನ ದುಡ್ಡು ಕೊಡುವುದು ಅದಕ್ಕೆ. ಎಷ್ಟೋ ಕಾರ್ಖಾನೆಗಳಲ್ಲಿ ಸುತ್ತಿದ ಕಟ್ಟನ್ನು ಯಂತ್ರಕ್ಕಿಟ್ಟು ಗಾಳಿ ಎಳೆದು ನೋಡ್ತಾರೆ, ಬಿಗಿಯಾಗಿದ್ದರೆ ಬಿಚ್ಚಿ ಮತ್ತೆ ಸುತ್ತಬೇಕು. ಹಾಗಾಗಿ ನಾನು ಬೆಲೆ ಅಳೆಯುವುದು ಪೆಟ್ಟಿಗೆಯ ಅತಿ ಕೆಟ್ಟ ಸಿಗಾರ್ ನೋಡಿ. ಅತ್ಯುತ್ತಮವಾದದ್ದನ್ನು ಲೆಕ್ಕಕ್ಕೆ ಹಿಡಿಯಲ್ಲ.

ನೇರಮಾತು:

ಎಲೆಮನೆಯವರು ಹೇಳಿದ ಖರ್ಚನ್ನೆಲ್ಲ ಒಪ್ಪುತ್ತೇನೆ. ಆದರೆ ಅಷ್ಟಕ್ಕೆ ನಾಲ್ಕು ಪಟ್ಟು ಆಗಲ್ಲ ಸರ್. ಒಂದು ಮಟ್ಟದ ನಂತರ ನಾವು ಕೊಡುವುದು ಹೆಸರಿಗೆ, ಪೆಟ್ಟಿಗೆಯ ಮೆರುಗಿಗೆ, ಸುಲಭಕ್ಕೆ ಸಿಗಲ್ಲ ಅನ್ನುವ ಕಾರಣಕ್ಕೆ. 2022ರಲ್ಲಿ ಕ್ಯೂಬಾದ ಸಿಗಾರ್ ಬ್ರ್ಯಾಂಡ್‌ಗಳಾದ ಕೊಹಿಬಾ, ಟ್ರಿನಿಡಾಡ್ ಎರಡರ ಬೆಲೆಯನ್ನೂ ಲೋಕದಲ್ಲೆಲ್ಲ ಒಂದೇ ಮಟ್ಟಕ್ಕೆ ತರುತ್ತೇವೆ ಅಂತ ಏರಿಸಿದರು. ಎಷ್ಟೋ ದೇಶಗಳಲ್ಲಿ ಅದು ದುಪ್ಪಟ್ಟು ದಾಟಿತು. ಹಿಂದಿನ ವಾರ ಇದ್ದ ಅದೇ ಎಲೆ, ಅದೇ ಕೈ. ಹೊಗೆ ಒಂದು ಚೂರೂ ಬದಲಾಗಿರಲಿಲ್ಲ. ಬೆಲೆ ನೋಡಿ ಗುಣ ಊಹಿಸುವವರು ಇದನ್ನು ನೆನಪಿಡಬೇಕು.

ಎಲೆಮನೆ:

ಕ್ಯೂಬಾದ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ಕೊಹಿಬಾದಲ್ಲಿ ಸೆಕೊ, ಲಿಗೆರೊ ಎಲೆಗಳಿಗೆ ಮೂರನೇ ಸಲ ಪೀಪಾಯಿಯಲ್ಲಿ ಹುದುಗು ಬರಿಸ್ತಾರೆ ಅನ್ನುವುದೂ ನಿಜ. 2010ರಲ್ಲಿ ಬಂದ ಅದರದ್ದೇ ಬೆಹಿಕೆ ಸಾಲಿನ 52, 54, 56ರಲ್ಲಿ ಮೆದಿಯೊ ತಿಯೆಂಪೊ ಎಲೆ ಇದೆ. ಗಿಡದ ತುತ್ತತುದಿಯಲ್ಲಿ ಒಂದೆರಡು ಮಾತ್ರ ಬರುವ ಎಲೆ ಅದು, ಎಲ್ಲ ಗಿಡದಲ್ಲೂ ಬರುವುದೂ ಇಲ್ಲ. ಅಂಥದ್ದಕ್ಕೆ ಜಾಸ್ತಿ ಕೇಳಿದರೆ ನನಗೆ ತಕರಾರಿಲ್ಲ. ಇಷ್ಟಾದರೂ ಅದೇ ಮಾಲು ಒಂದೇ ಸಲ ಅಷ್ಟು ಏರಿದ್ದಕ್ಕೆ ಎಲೆಯಲ್ಲಿ ಕಾರಣ ಇಲ್ಲ. ಅದನ್ನು ನಾನೂ ಒಪ್ಪುತ್ತೇನೆ.

ಬಿಳಿಬೂದಿ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಬೂದಿ ನೋಡಿದರೆ ಸಾಕಲ್ವಾ? ಬಿಳಿ ಬೂದಿ ಉದ್ದಕ್ಕೆ ನಿಂತರೆ ಒಳ್ಳೆಯ ಸಿಗಾರ್. ಕಪ್ಪಗಾಗಿ ಉದುರಿದರೆ ಕಳಪೆ.

ನಿಧಾನಿ:

ಅರ್ಧ ಸರಿ ಗೆಳೆಯರೇ. ಉದ್ದಕ್ಕೆ ನಿಲ್ಲುವುದು ಒಳಗೆ ಉದ್ದ ಎಲೆ ಇದೆ, ಕಟ್ಟು ಗಟ್ಟಿಯಾಗಿದೆ ಅಂತ ಹೇಳುತ್ತೆ. ಪುಡಿ ಎಲೆ ತುಂಬಿದ್ದರೆ ಬೂದಿ ಬೇಗ ಉದುರುತ್ತೆ. ಬಣ್ಣ ಮಾತ್ರ ಮಣ್ಣಿನ ಖನಿಜದಿಂದ ಬರುವುದು. ಮೆಗ್ನೀಸಿಯಂ ಹೆಚ್ಚಿದ್ದರೆ ಬೂದಿ ಬೆಳ್ಳಗೆ. ಬೂದು ಬಣ್ಣದ ಬೂದಿ ಬಿಡುವ ತುಂಬಾ ಒಳ್ಳೆಯ ಸಿಗಾರ್‌ಗಳಿವೆ. ಬೂದಿಯಲ್ಲಿ ನಾನು ನೋಡುವುದು ಬೇರೆ. ಅದು ಬಿದ್ದ ಮೇಲೆ ಕೆಂಡದ ಆಕಾರ ನೋಡಿ. ನಡುವೆ ಗುಡ್ಡದ ಹಾಗೆ ಸ್ವಲ್ಪ ಮುಂದೆ ಚಾಚಿದ್ದರೆ ಲಿಗೆರೊ ಅದರ ಜಾಗದಲ್ಲೇ ಇದೆ. ನಡುವೆ ಗುಳಿ ಬಿದ್ದಿದ್ದರೆ ಒಳಗೆ ಪೊಳ್ಳು ಉರಿ, ಅಲ್ಲಿಗೆ ರುಚಿ ಹೋಯಿತು.

ಸಂಜೆಗಾಳಿ:

ನಾನು ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಕಡಿಮೆ. ಈ ವಿಷಯದಲ್ಲಿ ಮಾತ್ರ ಸುಮ್ನಿರೋಕೆ ಆಗಲಿಲ್ಲ. ಬೆಲೆ ಗೊತ್ತಿದ್ದು ಸೇದಿದರೆ ನಾಲಿಗೆ ಬೆಲೆಯ ಪರವಾಗಿ ಮಾತಾಡುತ್ತೆ. ಅದನ್ನು ತಡೆಯಲು ಒಂದೇ ದಾರಿ: ಹೆಸರಿರುವ ಕಾಗದದ ಪಟ್ಟಿ, ಅಂದರೆ ಬ್ಯಾಂಡ್ ತೆಗೆದು ಸೇದುವುದು.

ನಾವು ಮನೆಯಲ್ಲಿ ಮಾಡುವ ಕ್ರಮ ಹೇಳುತ್ತೇನೆ. ಒಂದೇ ಅಳತೆಯ ಎರಡು ಸಿಗಾರ್, ಒಂದು ದುಬಾರಿ, ಒಂದು ಮಾಮೂಲಿ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಒಂದೇ ತೇವದಲ್ಲಿ ಕೆಲವು ವಾರ ಇದ್ದಿರಬೇಕು. ಬ್ಯಾಂಡ್ ತೆಗೆದು ಬರೀ ಅಂಕಿಯ ಚೀಟಿ ಸುತ್ತುವುದು ನಮ್ಮ ಯಜಮಾನರ ಕೆಲಸ. ನಾನು ಯಾವುದು ಯಾವುದೆಂದು ಕೇಳಲ್ಲ. ಒಂದು ದಿನ ಒಂದೇ, ಎರಡನ್ನೂ ಒಟ್ಟಿಗೆ ಸೇದಬಾರದು. ಎರಡನೆಯದಕ್ಕೆ ಬರುವಷ್ಟರಲ್ಲಿ ನಾಲಿಗೆ ದಣಿದಿರುತ್ತೆ. ಜೊತೆಗೆ ನೀರು ಮಾತ್ರ.

ಬರೆಯುವಾಗ ಕಾಫಿ, ಕೋಕೋ ಅಂತ ವಾಸನೆಗಳ ಪಟ್ಟಿ ಮಾಡಲ್ಲ. ಯಾಕೆ ಅಂದರೆ ಪಟ್ಟಿ ಉದ್ದ ಆದಷ್ಟೂ ಸಿಗಾರ್ ಚೆನ್ನಾಗಿದೆ ಅನ್ನುವ ಭ್ರಮೆ ಬರುತ್ತೆ. ನಾನು ಬರೆಯುವುದು ಇಷ್ಟೇ: ಮುಂದಿನ ಎಳೆತ ಬೇಕು ಅನ್ನಿಸಿತಾ? ಎಲ್ಲಿಂದ ಬೇಡ ಅನ್ನಿಸಿತು? ಬಾಯಲ್ಲಿ ಒಗರು ಉಳಿಯಿತಾ, ಸಿಹಿ ಉಳಿಯಿತಾ? ಆಗಾಗ ಹೊಗೆಯನ್ನು ಬಾಯಿಯಿಂದ ಮೂಗಿಗೆ ಹತ್ತಿಸಿ ಮೆಲ್ಲಗೆ ಬಿಡುತ್ತೇನೆ, ಎದೆಗೆ ಎಳೆಯದೆ. ನಾಲಿಗೆಗೆ ಸಿಗುವುದು ಸಿಹಿ, ಹುಳಿ, ಉಪ್ಪು, ಕಹಿ ಇಂಥವು ಮಾತ್ರ. ಮಿಕ್ಕಿದ್ದೆಲ್ಲ ಮೂಗಿನ ಕೆಲಸ. ಎಳಸು ಎಲೆ ಅಲ್ಲೇ ಸಿಕ್ಕಿಬೀಳುವುದು. ಬಾಯಲ್ಲಿ ನಯವಾಗಿದ್ದ ಹೊಗೆ ಮೂಗಲ್ಲಿ ಚುಚ್ಚಿದರೆ ನಾನು ಅಂಕ ಕಳೆಯುತ್ತೇನೆ.

ಚೀಟಿ ಬಿಚ್ಚಿದಾಗ ಮಾಮೂಲಿಯದ್ದೇ ಗೆದ್ದಿದ್ದೂ ಇದೆ. ಆದರೆ ಗೆದ್ದ ಅದೇ ಮಾಮೂಲಿ ಮತ್ತೊಂದು ದಿನ ಡ್ರಾ (ಗಾಳಿಯ ಎಳೆತ) ಬಿಗಿಯಾಗಿ ಅರ್ಧಕ್ಕೇ ಬಿಡಬೇಕಾಯಿತು. ಹಾಗಾಗಿ ಎಲೆಮನೆಯವರ ಮಾತಿಗೆ ನನ್ನ ಒಪ್ಪಿಗೆ ಇದೆ.

ನೇರಮಾತು:

ಮೇಡಂ, ಇದು ತುಂಬಾ ಒಳ್ಳೆಯ ಕ್ರಮ. ಒಂದು ಸಂದೇಹ. ಮಡುರೊ ಒಂದು, ತಿಳಿ ಬಣ್ಣದ ಕನೆಕ್ಟಿಕಟ್ ಒಂದು ಇಟ್ಟರೆ ಬ್ಯಾಂಡ್ ತೆಗೆದರೂ ನೋಡಿದ ತಕ್ಷಣ ಗೊತ್ತಾಗುತ್ತೆ ಅಲ್ವಾ?

ಸಂಜೆಗಾಳಿ:

ಹೌದು, ಅದಕ್ಕೇ ಒಂದೇ ಜಾತಿಯ ರ‍್ಯಾಪರ್ ಇರುವ ಜೋಡಿಯನ್ನೇ ಹುಡುಕಬೇಕು. ಬೇರೆ ಬೇರೆ ಜಾತಿಯನ್ನು ಹೋಲಿಸಿದರೆ ನಮಗೆ ಗೊತ್ತಾಗುವುದು ನಮ್ಮ ಇಷ್ಟ, ಬೆಲೆಯಲ್ಲ.

ಗಾತ್ರಗಾರ:

ಯಾರೂ ಅಳತೆಯ ಬಗ್ಗೆ ಮಾತಾಡಲಿಲ್ಲ, ನಾನು ಸೇರಿಸುತ್ತೇನೆ. ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ. 50 ರಿಂಗ್ ಅಂದರೆ ಹೆಚ್ಚುಕಮ್ಮಿ 20 ಮಿಲಿಮೀಟರ್ ದಪ್ಪ. ಈಗ 60 ರಿಂಗ್‌ನ ದಪ್ಪ ಸಿಗಾರ್‌ಗಳನ್ನೇ ಎಷ್ಟೋ ಜನ ಕೊಳ್ಳುತ್ತಾರೆ. ಕೊಟ್ಟ ದುಡ್ಡಿಗೆ ಹೆಚ್ಚು ಎಲೆ ಅನ್ನುವ ಲೆಕ್ಕ. ಆದರೆ 38 ರಿಂಗ್‌ನ ಲ್ಯಾನ್ಸೆರೊ ಮತ್ತು 54 ರಿಂಗ್‌ನ ಸಿಗಾರ್ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಉದ್ದಕ್ಕೆ ಒಳಗಿನ ಎಲೆ ದುಪ್ಪಟ್ಟಾಗುತ್ತೆ. ಸುತ್ತಳತೆ ಹೆಚ್ಚುವುದು ಒಂದೂವರೆ ಪಟ್ಟಿಗಿಂತ ಕಡಿಮೆ. ಅಂದರೆ ದಪ್ಪ ಆದಷ್ಟೂ ಹೊಗೆಯಲ್ಲಿ ರ‍್ಯಾಪರ್‌ನ ಪಾಲು ಇಳಿಯುತ್ತೆ. ದುಬಾರಿ ರ‍್ಯಾಪರ್‌ಗೆ ದುಡ್ಡು ಕೊಟ್ಟು ಅದರ ರುಚಿ ಸಿಗದ ಅಳತೆ ಕೊಂಡರೆ ಏನು ಬಂತು? ತೆಳ್ಳಗಿನದನ್ನು ಸುತ್ತುವುದು ಕಷ್ಟ, ಸ್ವಲ್ಪ ಬಿಗಿಯಾದರೂ ಗಾಳಿ ಬರಲ್ಲ. ಅದಕ್ಕೇ ಎಲೆ ಕಡಿಮೆ ಇದ್ದರೂ ಅದರ ಬೆಲೆ ಇಳಿಯಲ್ಲ.

ಹೊಸಬ್ಬ:

ನಾನು ಈಗಷ್ಟೇ ಶುರು ಮಾಡಬೇಕು ಅಂತಿದ್ದೇನೆ ಅಣ್ಣಂದಿರೇ. ಮೊದಲನೆಯದೇ ದುಬಾರಿಯದ್ದು ತರಲಾ? ಒಳ್ಳೆಯದರಿಂದಲೇ ಶುರುಮಾಡೋಣ ಅಂತ.

ನಿಧಾನಿ:

ತಮ್ಮಾ, ಮೊದಲು ಒಂದು ಮಾತು. ಇನ್ನೂ ಶುರು ಮಾಡಿಲ್ಲ ಅಂದರೆ ಮಾಡದಿರುವುದೇ ಒಳ್ಳೆಯದು. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಹೊಗೆಯನ್ನು ಎದೆಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಸಿಗಾರ್‌ನಲ್ಲೂ ಇದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ದುಬಾರಿ ಎಲೆಗೆ ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಹದಿನೈದು ವರ್ಷದ ಹಳೆಯ ಎಲೆಯಾದರೂ ಹೊಗೆ ಹೊಗೆಯೇ.

ಸಂಜೆಗಾಳಿ:

ನಾನೂ ಅದನ್ನೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ತಿಂಗಳಿಗೆ ಇಷ್ಟೇ ಅಂತ ಕಟ್ಟುಪಾಡು ಇದೆ, ಮಕ್ಕಳಿರುವ ಕಡೆ ಹಚ್ಚುವುದೇ ಇಲ್ಲ. ಇನ್ನು ಬೆಲೆಯ ಪ್ರಶ್ನೆಗೆ ಬಂದರೆ, ಹೋಲಿಸಲು ಬೇರೆ ಯಾವುದೂ ಗೊತ್ತಿಲ್ಲದವರಿಗೆ ದುಬಾರಿ ಸಿಗಾರ್‌ನ ಹೆಚ್ಚುಗಾರಿಕೆ ತಿಳಿಯಲ್ಲ. ಖಾರದ ನಿಕರಾಗುವಾ ಸಿಗಾರ್ ಖಾಲಿ ಹೊಟ್ಟೆಯಲ್ಲಿ ಹಚ್ಚಿದರೆ ತಣ್ಣನೆ ಬೆವರು, ವಾಕರಿಕೆ ಅಷ್ಟೇ ನೆನಪಲ್ಲಿ ಉಳಿಯುತ್ತೆ.

ಪೆಟ್ಟಿಗೆಕಾವಲು:

ಇನ್ನೊಂದು ಮುಖ್ಯ ವಿಷಯ ಬಿಟ್ಟುಹೋಯಿತು. ಬೆಲೆಗೆ ತಕ್ಕದ್ದಾ ಅಂತ ಕೇಳುವ ಮೊದಲು ಅದು ಅಸಲಿಯಾ ಅಂತ ಕೇಳಬೇಕು. ದುಬಾರಿಯದ್ದಕ್ಕೇ ನಕಲಿ ಜಾಸ್ತಿ. ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ, ಅಂಥ ಪೆಟ್ಟಿಗೆಯನ್ನು ಕಂಪನಿ ಮಾಡಿಯೇ ಇಲ್ಲ. ಅಸಲಿ ಕ್ಯೂಬಾ ಪೆಟ್ಟಿಗೆಯ ತಳದಲ್ಲಿ ಕಾರ್ಖಾನೆಯ ಗುಪ್ತಾಕ್ಷರ, ತುಂಬಿದ ತಿಂಗಳು, ವರ್ಷ ಇರುತ್ತೆ. ಪದ್ರೋನ್ ತನ್ನ ಮೇಲಿನ ಸಾಲುಗಳಿಗೆ ಒಂದೊಂದಕ್ಕೂ ಬೇರೆ ಅಂಕಿಯ ಎರಡನೇ ಬ್ಯಾಂಡ್ ಹಾಕುವುದು ಈ ಕಾಟಕ್ಕೇ.

ಬಿಡಿಯಾಗಿ ಕೊಳ್ಳುವಾಗ ಒಂದೇ ಪೆಟ್ಟಿಗೆಯ ಸಿಗಾರ್‌ಗಳ ಬಣ್ಣ ನೋಡಿ. ಕಾರ್ಖಾನೆಯಲ್ಲಿ ಪೆಟ್ಟಿಗೆ ತುಂಬುವವರು ಬಣ್ಣಕ್ಕೆ ಬಣ್ಣ ಹೊಂದಿಸಿ, ಗಾಢದಿಂದ ತಿಳಿಗೆ ಸಾಲಾಗಿ ಇಡ್ತಾರೆ. ಚೂರು ವ್ಯತ್ಯಾಸವೂ ಎದ್ದು ಕಾಣದ ಹಾಗೆ. ಪೆಟ್ಟಿಗೆ ತೆರೆದಾಗ ಒಂದು ಕಪ್ಪು, ಪಕ್ಕದ್ದು ಕೆಂಪು, ತಲೆಯ ಕ್ಯಾಪ್ ಒರಟು ಅಂತಿದ್ದರೆ ಅದನ್ನು ತುಂಬಿದ್ದು ಬೇರೆಯವರು.

ಹೊಗೆಬಳ್ಳಿ:

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಬೇಕೆಂದೇ ಕಾದೆ. ನಿಧಾನಿಯವರು ಹೇಳಿದ ಉಪ್ಪಿನ ಪರೀಕ್ಷೆ ಮಾಡಿದೆ. ಮೀಟರ್ 71 ತೋರಿಸಿತು, ಅಂದರೆ ನಾಲ್ಕು ಕಡಿಮೆ. ತೇವವನ್ನು 65ಕ್ಕೆ ಇಳಿಸಿ ಪೆಟ್ಟಿಗೆಯನ್ನು ಮುಟ್ಟದೆ ಬಿಟ್ಟೆ. ಆಮೇಲೆ ಸಂಜೆಗಾಳಿ ಮೇಡಂ ಕ್ರಮದಲ್ಲಿ, ಸ್ಯಾನ್ ಆಂದ್ರೆಸ್ ರ‍್ಯಾಪರ್ ಇರುವ ಒಂದು ಮಾಮೂಲಿ ರೊಬಸ್ಟೊ ಜೊತೆ ಇಟ್ಟು, ಬ್ಯಾಂಡ್ ಇಲ್ಲದೆ, ಬೇರೆ ಬೇರೆ ದಿನ ಸೇದಿದೆ. ಚೀಟಿ ಸುತ್ತಿದ್ದು ತಂಗಿ.

ದುಬಾರಿಯದ್ದು ಯಾವುದೆಂದು ಪ್ರತಿ ಸಲವೂ ಗೊತ್ತಾಯಿತು ಅಂತ ಹೇಳೋಕೆ ಆಗಲ್ಲ. ಮೊದಲ ಭಾಗದಲ್ಲಿ ಎರಡೂ ಹತ್ತಿರ ಹತ್ತಿರ. ಮಾಮೂಲಿಯದ್ದೇ ಒಂದು ಕೈ ಮೇಲೆ ಅನ್ನಿಸಿದ್ದೂ ಇದೆ, ಅದರ ಖಾರ ಚುರುಕಾಗಿತ್ತು. ವ್ಯತ್ಯಾಸ ಬಂದಿದ್ದು ನಡುವಿನ ನಂತರ. ಮಾಮೂಲಿಯದ್ದು ಅಲ್ಲಿಂದ ಒಂದೇ ರಾಗ, ಮರ ಮತ್ತು ಖಾರ ಅಷ್ಟೇ. ಇನ್ನೊಂದು ಬದಲಾಗುತ್ತಾ ಹೋಯಿತು. ಕೊನೆಯ ಭಾಗದ ಕಹಿ ಈ ಸಲ ಇಲ್ಲ. ಕಾಫಿ ಗಟ್ಟಿಯಾಯಿತು, ಸಿಹಿ ಬೆಲ್ಲದ ಪಾಕದ ಕಡೆಗೆ ತಿರುಗಿತು. ಬೆರಳು ಸುಡುವ ತನಕ ಬಿಡಲಿಲ್ಲ. ಮೂಗಲ್ಲಿ ಬಿಟ್ಟಾಗ ದುಬಾರಿಯದ್ದು ಒಮ್ಮೆಯೂ ಚುಚ್ಚಲಿಲ್ಲ. ಮಾಮೂಲಿಯದ್ದು ಚುಚ್ಚಿತು.

ಆದರೆ ಅದೇ ಪೆಟ್ಟಿಗೆಯ ಒಂದರಲ್ಲಿ ಡ್ರಾ ಬಿಗಿ. ಕ್ಯಾಪ್‌ನಿಂದ ಒಂದು ಇಂಚು ಕೆಳಗೆ ಒತ್ತಿದರೆ ಗಂಟು ಕೈಗೆ ಸಿಗುತ್ತಿತ್ತು. ಸೂಜಿ ಹಾಕಿ ಬಿಡಿಸಿದರೂ ಅರೆಬರೆ ಹೊಗೆ. ಎಲೆಮನೆಯವರ ಅಳತೆಯಲ್ಲಿ ಇದೇ ಪೆಟ್ಟಿಗೆಯ ಅತಿ ಕೆಟ್ಟ ಸಿಗಾರ್. ಈ ಬೆಲೆಗೆ ಅದು ಪರೀಕ್ಷೆಯಲ್ಲೇ ಹೊರಗೆ ಬೀಳಬೇಕಿತ್ತು. ಹಾಗಾಗಿ ನನ್ನ ತೀರ್ಮಾನ: ಎರಡು ಪಟ್ಟು ಕೊಟ್ಟರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಮೂರು ಪಟ್ಟಿಗೆ ಅಪರೂಪಕ್ಕೆ ಒಂದು. ನಾಲ್ಕು ಪಟ್ಟಿಗೆ ಪೆಟ್ಟಿಗೆ ತರುವುದಿಲ್ಲ.

ನೇರಮಾತು:

ಇದು ನ್ಯಾಯವಾದ ತೀರ್ಪು. ನಾನು ಪೂರ್ತಿ ಹೆಸರಿಗೆ ಕೊಡುವ ದುಡ್ಡು ಅಂದುಕೊಂಡಿದ್ದೆ, ಕೊನೆಯ ಭಾಗದ ವ್ಯತ್ಯಾಸ ಓದಿ ಸ್ವಲ್ಪ ಮೆತ್ತಗಾದೆ.

ಎಲೆಮನೆ:

ಆ ಬಿಗಿ ಸಿಗಾರ್‌ನ ಬ್ಯಾಂಡ್, ಪೆಟ್ಟಿಗೆಯ ಅಂಕಿ ಎರಡೂ ಇಟ್ಟುಕೊಂಡಿದ್ದರೆ ಮಾರಿದವರಿಗೆ ತೋರಿಸಿ. ಒಳ್ಳೆಯ ಅಂಗಡಿಯವರು ಬದಲಿ ಕೊಡ್ತಾರೆ. ಕೊಡದಿದ್ದರೂ ದೂರು ಕಾರ್ಖಾನೆಯವರೆಗೆ ಹೋಗಬೇಕು.

ಇನ್ನು ಮುಂದೆ ನೀವು ನೋಡಬಹುದಾದ್ದು ಒಂದಿದೆ. ಎಷ್ಟೋ ಕಾರ್ಖಾನೆಗಳು ರ‍್ಯಾಪರ್‌ನಲ್ಲಿ ಕಲೆ, ಬಣ್ಣದ ಏರುಪೇರು ಇರುವ ಸಿಗಾರ್‌ಗಳನ್ನು ಬ್ಯಾಂಡ್ ಇಲ್ಲದೆ ಕಟ್ಟು ಕಟ್ಟಿ ಎರಡನೇ ದರ್ಜೆ ಅಂತ ಕಡಿಮೆಗೆ ಮಾರುತ್ತವೆ. ಕಲೆ ಕಣ್ಣಿಗೆ ಮಾತ್ರ, ಹೊಗೆಗೆ ಗೊತ್ತಾಗಲ್ಲ. ಕೊಳ್ಳುವಾಗ ದರ್ಜೆ ಇಳಿದಿದ್ದು ಬಣ್ಣಕ್ಕಾ, ಕಟ್ಟುವ ದೋಷಕ್ಕಾ ಅಂತ ಕೇಳಿ. ಬಣ್ಣಕ್ಕೆ ಅಂದರೆ ಧೈರ್ಯವಾಗಿ ತನ್ನಿ. ಉತ್ತರ ಸಿಗದಿದ್ದರೆ ಬಿಡಿಯಾಗಿ ಒಂದೆರಡು ತಂದು, ಕತ್ತರಿಸಿ, ಹಚ್ಚುವ ಮೊದಲು ಎಳೆದು ನೋಡಿ.

ಹೊಗೆಬಳ್ಳಿ:

ಬ್ಯಾಂಡ್ ಇದೆ, ನಾಳೆಯೇ ತೋರಿಸುತ್ತೇನೆ. ಎರಡನೇ ದರ್ಜೆಯ ಮಡುರೊ ಕಟ್ಟು ಯಾರಿಗಾದರೂ ಚೆನ್ನಾಗಿ ಬಂದಿದ್ದರೆ ಅಳತೆ, ರ‍್ಯಾಪರ್, ಎಷ್ಟು ದಿನ ಇಟ್ಟಿರಿ ಅನ್ನುವುದನ್ನು ಇಲ್ಲೇ ಬರೆಯಿರಿ. ಮುಂದಿನ ಸಲ ತಂಗಿ ಸುತ್ತುವ ಚೀಟಿಯಲ್ಲಿ ಅದನ್ನೂ ಸೇರಿಸುತ್ತೇನೆ.